ಗುರಮ್ಮಕಾಕುವಿನ ಎಡಗೈ

ಕಳೆದ ತಿಂಗಳು ನರ್ಸಿಂಗ್ ಕಲಿಯುವ ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದರು, ಗೋಡೆಯ ಮೇಲಿದ್ದ ನನ್ನ ಹಳೆಯ ಫೋಟೋ ನೋಡಿ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬಳು, “ಅಮ್ಮಾ, ನಿಮ್ಮ ಕಾಲದಾಗ ಮಶೀನೇ ಇದ್ದಿಲ್ಲಂತಲ್ಲ, ಮತ್ತ ನೀವು ಏನ್ ಮಾಡ್ತಿದ್ರಿ?” ಎಂದು ಕೇಳಿದಳು. ನನಗೆ ಸಿಟ್ಟು ಬೇಗ ಬರುತ್ತದೆ. “ರೋಗಿ ಮುಖ ನೋಡ್ತಿದ್ವಿ” ಎಂದುಬಿಟ್ಟೆ. ಅದು ಉತ್ತರ ಅಂತ ಅವರಿಗೆ ಅನಿಸಲಿಲ್ಲ. ಅವರು ಹೋದ ಮೇಲೆ ಯೋಚಿಸಿದರೆ ನನಗೂ ಅನಿಸಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಆ ಶಾಲು ಈಗ ಟ್ರಂಕಿನ ಮೇಲೆ ಹಾಸಿದೆ. ನೆನಪಿಗೆ ಬರುವುದು ಮೊದಲಿನ ವರ್ಷಗಳು, ಉಮರಗಾ ಮತ್ತು ನಿಲಂಗದ ದವಾಖಾನೆಗಳು. ಪೊಲೀಸ್ ಆಕ್ಷನ್ ಮುಗಿದು ನಿಜಾಮರ ಆಡಳಿತ ಹೋಗಿತ್ತು. ದವಾಖಾನೆಯ ಬಾಗಿಲ ಮೇಲಿನ ಉರ್ದು ಬೋರ್ಡು ಮಾತ್ರ ಇನ್ನೂ ಹೋಗಿರಲಿಲ್ಲ. ನಾನು ಭಾಲ್ಕಿ ಕಡೆಯ ಹಳ್ಳಿಯೊಂದರ ಕ್ರಿಶ್ಚನ್ನರ ಹುಡುಗಿ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಬೀದರದಲ್ಲಿ ನರ್ಸಿಂಗ್ ಕಲಿತು, ಬಿಳಿ ಸೀರೆ ಉಟ್ಟು, ಉಮರಗಾದಲ್ಲಿ ಬಸ್ಸಿನಿಂದ ಇಳಿದಾಗ ಕೆಲಸವೆಂದರೆ ಇಂಜೆಕ್ಷನ್ ಕೊಡುವುದು ಅಂದುಕೊಂಡಿದ್ದೆ. ಹೋದ ಕೂಡಲೇ ಕೈಗೆ ಸಿಕ್ಕಿದ್ದು ಒಂದು ಬುಟ್ಟಿ ಹಳೆಯ ಬ್ಯಾಂಡೇಜು. ಅವನ್ನು ಒಗೆಯಬೇಕು, ಕುದಿಸಬೇಕು, ಒಣಗಿಸಿ ಮತ್ತೆ ಸುತ್ತಿಡಬೇಕು. ಸೂಜಿಯ ಮೊನೆ ಹೋದರೆ ಕಲ್ಲಿಗೆ ಉಜ್ಜಿ ನಾವೇ ಚೂಪು ಮಾಡಬೇಕು. ರೋಗಿಗಳು ಮರಾಠಿಯಲ್ಲಿ ಅಳುತ್ತಿದ್ದರು, ಕನ್ನಡದಲ್ಲಿ ಬಯ್ಯುತ್ತಿದ್ದರು, ಡಾಕ್ಟರು ದಖನಿ ಉರ್ದುವಿನಲ್ಲಿ ಗದರುತ್ತಿದ್ದರು. ತಿಂಗಳೊಳಗೆ ಮೂರೂ ಭಾಷೆಯಲ್ಲಿ ಜಗಳವಾಡುವುದು ನನಗೂ ಬಂತು.

ನಮ್ಮ ಡಾಕ್ಟರು ಖಾದರ್ ಸಾಹೇಬರು. ಹೈದರಾಬಾದಿನವರು, ಎತ್ತರದ ಆಳು, ಎಂಥ ಬಿಸಿಲಿದ್ದರೂ ಶೇರವಾನಿಯ ಗುಂಡಿ ಬಿಚ್ಚುತ್ತಿರಲಿಲ್ಲ. ದಮ್ಮಿನ ರೋಗಿಗಳಿಗೆ, ಅಂದರೆ ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಉಸಿರು ಹತ್ತಿಕೊಂಡವರಿಗೆ, ಅವರ ಹತ್ತಿರ ಒಂದೇ ಮಂತ್ರ ಇತ್ತು. ಆರಾಮ್. ಮಂಚ ಬಿಟ್ಟು ಇಳಿಯಕೂಡದು. ನೀರಿನ ಚರಿಗೆ ಎತ್ತಕೂಡದು. ಗಂಜಿ ಕುಡಿದು ಮಲಗಬೇಕು. ಆಗಿನ ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರೂ ಹಾಗೆಯೇ ಹೇಳುತ್ತಿದ್ದರು. ನಾನಂತೂ ರೋಗಿ ಕಾಲು ಕೆಳಗಿಟ್ಟರೆ ಪೊಲೀಸರ ಹಾಗೆ ಓಡಿ ಹೋಗಿ ಮೇಲೆತ್ತುತ್ತಿದ್ದೆ.

ದಾಳಿಂಬ ಹಳ್ಳಿಯಿಂದ ಮಾಣಿಕಪ್ಪ ಎಂಬ ಒಕ್ಕಲುತನದವನು ಬಂದ. ಕೆಮ್ಮುತ್ತ, ಹಾದಿಯಲ್ಲಿ ಅಲ್ಲಲ್ಲಿ ಕೂತೇಳುತ್ತ, ಆದರೂ ತಾನೇ ನಡೆದು ಬಂದಿದ್ದ. ನಾವು ಅವನನ್ನು ಚೆನ್ನಾಗಿ ನೋಡಿಕೊಂಡೆವು. ಇಷ್ಟು ಚೆನ್ನಾಗಿ ನೋಡಿಕೊಂಡೆವೆಂದರೆ ಕೆಲವು ವಾರಗಳಲ್ಲಿ ಅವನ ತೊಡೆಗಳು ನನ್ನ ತೋಳಿಗಿಂತ ಸಣ್ಣವಾದವು. ಕೆಮ್ಮು ಇಳಿದಿತ್ತು. ಅಲುಗಾಡದವನಿಗೆ ದಮ್ಮು ಎಲ್ಲಿಂದ ಹತ್ತಬೇಕು? ಸಾಹೇಬರು ಗುಣವಾಯಿತೆಂದು ಮನೆಗೆ ಬಿಟ್ಟರು. ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಅಣ್ಣತಮ್ಮಂದಿರು ಎತ್ತಿ ಗಾಡಿಯಲ್ಲಿ ಮಲಗಿಸಿದರು. ಅವನ ಹೆಂಡತಿ ಸೆರಗು ಸರಿಮಾಡಿಕೊಂಡು ಸಾಹೇಬರ ಎದುರು ನಿಂತು, “ಕೆಮ್ಮು ಇಟ್ಕೊಂಡು ನಡ್ಕೋತ ಬಂದಿದ್ದ್ರೀ ಸಾಹೇಬ. ಈಗ ಕೆಮ್ಮು ಇಲ್ಲ, ಹೊತ್ಕೊಂಡು ಒಯ್ಲತ್ತೀವಿ” ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಬೇಸಿಗೆಗೆ ಮುಂಚೆ ಅವನು ತೀರಿಕೊಂಡನೆಂದು ಸುದ್ದಿ ಬಂತು.

ಮರುವರ್ಷ ಸಾಹೇಬರನ್ನು ನಿಲಂಗಕ್ಕೆ ಹಾಕಿದರು, ಹಿಂದೆಯೇ ನನ್ನನ್ನೂ ಹಾಕಿದರು. ಅಲ್ಲಿ ಒಂದು ದಿನ ಎದುರು ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಸಾಹೇಬರು ಸೈಕಲ್ಲಿನಿಂದ ಬಿದ್ದು ಎಡಗಾಲು ಮುರಿದುಕೊಂಡರು. ಸೊಲ್ಲಾಪುರಕ್ಕೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಕುರ್ಚಿಯ ಮೇಲೆ ಕಾಲು ಚಾಚಿ ಕೂತೇ ರೋಗಿಗಳನ್ನು ನೋಡುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದ ದಿನ ಒಳಗಿನಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ, ಹೆಂಗಸರ ಎದುರು ಅಂಗಿಯ ತೋಳೂ ಮಡಿಸದ ಮನುಷ್ಯ ಪೈಜಾಮ ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು ಕೂತಿದ್ದಾರೆ!

“ನರಸಬಾಯಿ, ಇಧರ್ ದೇಖೋ. ಇದು ನಂದು ಕಾಲೇನು?”

ಬಲಗಾಲು ಇದ್ದ ಹಾಗೇ ಇತ್ತು. ಎಡಗಾಲಿನ ಮೀನಖಂಡ ಕರಗಿ ಜೋಳದ ದಂಟಿನ ಹಾಗಾಗಿತ್ತು.

“ಇದಕ್ಕ ಬೀಮಾರಿ ಇಲ್ಲ” ಎಂದರು ಸಾಹೇಬರು. “ಜ್ವರ ಇಲ್ಲ, ಕೆಮ್ಮು ಇಲ್ಲ. ಖಾಲಿ ಆರಾಮ್ ಮಾಡ್ಯಾದ. ಆರಾಮ್ ಮಾಡಿ ಮಾಡಿ ಹಿಂಗಾಗ್ಯಾದ.” ಪೈಜಾಮ ಕೆಳಗಿಳಿಸುತ್ತ, “ಆ ದಾಳಿಂಬದಂವಾ…” ಎಂದರು.

ಆಮೇಲೆ ದಿನಾ ಬೆಳಿಗ್ಗೆ ದವಾಖಾನೆಯ ಅಂಗಳದಲ್ಲಿ ಕೋಲು ಹಿಡಿದು ನಡೆಯತೊಡಗಿದರು. ಮೊದಮೊದಲು ಬೇವಿನ ಮರದ ತನಕ, ಆಮೇಲೆ ಗೇಟಿನ ತನಕ. ಹಾಲು ಕುಡಿದರು, ಮಾಂಸ ತಿಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಆ ಕಾಲು ಬಹುಮಟ್ಟಿಗೆ ತುಂಬಿಕೊಂಡಿತು. ಒಬ್ಬ ಡಾಕ್ಟರು ತನ್ನ ವಿದ್ಯೆಯನ್ನು ತನ್ನ ಕಾಲಿನ ಮೇಲೆಯೇ ತಿದ್ದಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಬಂದ ಎಷ್ಟೋ ಮೇಲಧಿಕಾರಿಗಳು ತಮ್ಮ ಮಾತು ತಪ್ಪಾದರೆ ರೋಗಿಯ ಮೇಲೆ ಹಾಕುತ್ತಿದ್ದರು. ಅವರ ಕೈಕೆಳಗೆ ದುಡಿಯುವಾಗೆಲ್ಲ ನನಗೆ ಖಾದರ್ ಸಾಹೇಬರ ನೆನಪಾಗುತ್ತಿತ್ತು.

ಅದೇ ಚಳಿಗಾಲದ ಶುರುವಿನಲ್ಲಿ ಔರಾದ ಶಹಾಜನಿಯಿಂದ ಒಂದು ಸವಾರಿ ಗಾಡಿ ಬಂತು. ಗಾಡಿಯೊಳಗೆ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಗುರಮ್ಮಕಾಕು, ಜೊತೆಗೆ ಗಂಡ ವೀರಭದ್ರಪ್ಪ ಮತ್ತು ಸೊಸೆ ಕಾಶಮ್ಮ. ಪ್ಯಾಟಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಮನೆ. ಸಂತೆಯ ದಿನ ಹಳ್ಳಿಗಳಿಂದ ಮಾಲು ತಂದವರಿಗೆಲ್ಲ ಅವರ ಮನೆಯಲ್ಲೇ ಊಟ. ಅಷ್ಟೂ ಮಂದಿಗೆ ರೊಟ್ಟಿ ಬಡಿಯುತ್ತಿದ್ದವಳು ಗುರಮ್ಮಕಾಕು. ಅಡಿಗೆಮನೆಗೆ ಕಿಟಕಿ ಇಲ್ಲ, ಒಲೆಗೆ ತೊಗರಿ ಕಟ್ಟಿಗೆ ಮತ್ತು ಸಗಣಿಯ ಕುಳ್ಳು. ಐವತ್ತು ದಾಟಿರಬಹುದು, ನೋಡಲು ಎಪ್ಪತ್ತರ ಹಾಗಿದ್ದಳು. ಒಂದು ವಾಕ್ಯ ಆಡಲು ನಡುವೆ ಎರಡು ಕಡೆ ನಿಲ್ಲುತ್ತಿದ್ದಳು.

ಸಾಹೇಬರು ಎದೆಯ ಮೇಲೆ ನಳಿಗೆ ಇಟ್ಟು ಕೇಳಿ, “ಬೀಡಿ ಸೇದ್ತಾರೇನು?” ಎಂದರು.

ವೀರಭದ್ರಪ್ಪನ ಮುಖ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ಕಾಕು ಹೇಳಿದಳು: “ಬೀಡಿ ಸೇದಿಲ್ರೀ ಸಾಹೇಬ. ಒಲಿ ಸೇದೀನಿ.”

ಮೈಯಲ್ಲಿ ಮಾಂಸವೇ ಉಳಿದಿರಲಿಲ್ಲ. ನಾನು ಕೈ ಎತ್ತಿ ಹಿಡಿದರೆ ಹಸಿರು ಬಳೆಗಳು ಮೊಣಕೈ ದಾಟಿ ರಟ್ಟೆಯವರೆಗೆ ಜಾರುತ್ತಿದ್ದವು. ಇಷ್ಟು ಕರಗಿದ್ದಾಳೆಂದರೆ ಕ್ಷಯವೇ ಇರಬೇಕೆಂದು ಮನೆಯವರು ಉಣ್ಣುವ ಗಂಗಾಳ, ಕುಡಿಯುವ ಚರಿಗೆ ಬೇರೆ ಮಾಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಾಹೇಬರು ಕಫವನ್ನು ತಾವೇ ಮೈಕ್ರೋಸ್ಕೋಪಿನ ಕೆಳಗಿಟ್ಟು ಮತ್ತೆ ಮತ್ತೆ ನೋಡಿದರು, ಉದಗೀರಕ್ಕೂ ಕಳಿಸಿದರು. ಕ್ಷಯ ಇಲ್ಲ. ಹೊಗೆ ಕುಡಿದು ಪುಪ್ಪುಸ ಹಾಳಾಗಿದೆ, ಅದರ ಹಿಂದೆ ಮೈಯ ಮಾಂಸವೂ ಹೋಗಿದೆ, ಎಂದರು. ಕಾಕು ಸಂತೋಷ ಪಡಲಿಲ್ಲ. ಸೊಸೆಯ ಕಡೆ ತಿರುಗಿ, “ಹಂಗಾದ್ರ ನನ್ನ ಗಂಗಾಳ ಒಳಗ ತಗೋ” ಎಂದಳು, ಅಷ್ಟೇ.

ಆ ಸಂಜೆ ಸಾಹೇಬರು ಅವಳ ಪುಪ್ಪುಸದ ಬಗ್ಗೆ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ನರಸಬಾಯಿ, ಫೇಫಡಾ ಗಯಾ ತೋ ಗಯಾ. ಅದು ಕರಾಚಿಗೆ ಹೋದಂಗ, ಬರಂಗಿಲ್ಲ. ಮಾಂಸ ಹಂಗಲ್ಲ. ಅದು ಹೈದರಾಬಾದಿಗೆ ಹೋಗ್ಯಾದ. ಕರೆದ್ರ ವಾಪಸ್ ಬರ್ತಾದ.” ಅವರ ಒಬ್ಬನೇ ತಮ್ಮ ಕರಾಚಿಗೆ ಹೋಗಿ ನೆಲೆಸಿದ್ದ. ಹೇಳಿ ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ಕರೆಯುವುದೇನೋ ಸರಿ, ಊಟ ಮಾಡಿದರಲ್ಲವೇ ಮಾಂಸ ಬರುವುದು? ದವಾಖಾನೆಯ ಅನ್ನ ಅವಳಿಗೆ ಆಗದು. ಕಾಶಮ್ಮ ನಿಲಂಗದಲ್ಲೇ ನೆಂಟರ ಮನೆಯಲ್ಲಿದ್ದು ದಿನಾ ಅಡಿಗೆ ಮಾಡಿ ತರುತ್ತಿದ್ದಳು. ಬೆಳಿಗ್ಗೆ ಕಾಕು ಮೈ ತೊಳೆದು, ವಿಭೂತಿ ಹಚ್ಚಿಕೊಂಡು, ಮಂಚದ ಸುತ್ತ ಚಾದರ ಮರೆಮಾಡಿಸಿ ಲಿಂಗಪೂಜೆಗೆ ಕೂಡುತ್ತಿದ್ದಳು. ಪೂಜೆ ಆದ ಮೇಲೆ ಊಟ. ನಾನು ಹೋಗಿ ನೋಡಿದಾಗ ಗಂಗಾಳ ಖಾಲಿ. “ಉಂಡಿರೇನ್ರೀ ಕಾಕು?” ಎಂದರೆ “ಹೂಂ” ಎನ್ನುತ್ತಿದ್ದಳು. ಆದರೂ ಬಳೆ ರಟ್ಟೆ ಬಿಟ್ಟು ಕೆಳಗೆ ಬರಲಿಲ್ಲ, ಇನ್ನೂ ಮೇಲಕ್ಕೇ ಹೋಯಿತು. ಸಾಹೇಬರು ಹಸಿವಿನ ಔಷಧ ಬದಲಿಸಿದರು, ಜಂತಿನ ಔಷಧ ಕೊಟ್ಟರು. ಏನೂ ಆಗಲಿಲ್ಲ.

ಗುಟ್ಟು ರಟ್ಟಾದದ್ದು ಪಕ್ಕದ ಮಂಚದಿಂದ. ಅಲ್ಲಿ ತುಳಜಾಬಾಯಿ ಎಂಬ ಮರಾಠಿ ಹೆಂಗಸು ಕಾಲು ಮುರಿದುಕೊಂಡು ಮಲಗಿದ್ದಳು. ದಿನೇ ದಿನೇ ಅವಳ ಗಲ್ಲ ತುಂಬುತ್ತಿತ್ತು. ದವಾಖಾನೆಯ ಗಂಜಿ ಕುಡಿದು ಯಾರೂ ಹಾಗೆ ಕಳೆಕಳೆಯಾಗುವುದಿಲ್ಲ. ಒಂದು ದಿನ ಅವಳ ಬಾಯಲ್ಲಿ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ವಾಸನೆ ಹಿಡಿದು ಗದರಿಸಿದೆ. “ಮೀ ಕಾಯ್ ಕರೂ? ತೀಚ್ ದೇತೇ!” ಎಂದಳು. ನಾನೇನು ಮಾಡಲಿ, ಆಕೆಯೇ ಕೊಡುತ್ತಾಳೆ ಅಂತ.

ನನಗೆ ತಲೆ ಕೆಟ್ಟಿತು. ಮರುದಿನ ಬೆಳಿಗ್ಗೆ ಚಾದರ ಸರಿಸಿ ಒಳಗೆ ನುಗ್ಗಿದೆ. ಕಾಕು ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ. ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲು ನೋಡುತ್ತಿದ್ದಳು. ಮೊಣಕೈ ಗಡಗಡ ನಡುಗುತ್ತಿತ್ತು. ಎದೆಯ ತನಕ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಕೆಳಗಿಳಿಸಿ, ಉಸಿರು ಹಿಡಿದು, ಮತ್ತೆ ಎತ್ತಿದಳು. ಮತ್ತೆ ಇಳಿಯಿತು. ಕೊನೆಗೆ ತಲೆ ಬಗ್ಗಿಸಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಮುಚ್ಚಿದಳು. ಗಲ್ಲದ ಮೇಲಿನ ನೀರು ಒರೆಸಿಕೊಳ್ಳಲೂ ಕೈ ಏಳಲಿಲ್ಲ. ಜಗಳ ಮಾಡಲು ಹೋದ ನಾನು ನನ್ನ ಸೆರಗಿನಿಂದ ಒರೆಸಿದೆ.

“ನೋಡಿದಿ?” ಎಂದಳು.

“ಇದರ ಸಲುವಾಗಿ ಉಣ್ಣಂಗಿಲ್ಲೇನ್ರಿ ಕಾಕು?”

“ಪೂಜಿ ಆಗದೆ ಬಾಯಾಗ ಹ್ಯಾಂಗ ಇಟ್ಕೋಲಿ ತಂಗಿ? ಔಷಧ ತಗೊಳ್ತೀನಿ, ಅದು ಊಟ ಅಲ್ಲ. ಒಂದೊಂದಿನ ಕೈ ಏಳ್ತದ, ಅವತ್ತ ನಾಕ ತುತ್ತು ಉಣ್ತೀನಿ. ಈಗೀಗ ಏಳವಲ್ದು.”

“ತೊಡಿ ಮ್ಯಾಲ ಕೈ ಇಟ್ಕೊಂಡು ಮಾಡ್ರಿ. ದೇವ್ರಿಗಿ ತಿಳಿಯಂಗಿಲ್ಲೇನು ನಿಮಗ ಜಡ್ಡದ ಅಂತ?”

“ದೇವ್ರಿಗಿ ತಿಳಿತದ. ನನಗ ಒಪ್ಪಿಗಿ ಆಗಬೇಕಲ್ಲ? ಲಿಂಗ ಕಣ್ಣಿಗಿ ಎದುರು ಬರಬೇಕು. ಸಣ್ಣಾಕಿ ಇದ್ದಾಗಿಂದ ಹಂಗೇ ಮಾಡೀನಿ. ಸೊಸಿ ಅಂತಾಳ, ಕೊಡ್ರಿ ಅತ್ತಿ ನಾ ಹಿಡಿತೀನಿ ಅಂತ. ನನ್ನ ಲಿಂಗ ಇನ್ನೊಬ್ರ ಕೈಯಾಗ ಯಾಕ ಕೊಡ್ಲಿ?” ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ದಮ್ಮು ಹತ್ತಿತು. ಬೆನ್ನು ನೀವುತ್ತ ಕೂತೆ.

ಕೈ ಏಳದ್ದಕ್ಕೆ ಊಟವಿಲ್ಲ, ಊಟವಿಲ್ಲದ್ದಕ್ಕೆ ಕೈ ಏಳುವುದಿಲ್ಲ. ನಾವು ಇತ್ತ ಹಸಿವಿನ ಔಷಧ ಕೊಡುತ್ತ ಕೂತಿದ್ದೆವು. ಹುಡುಗಿಯರೇ, ನಿಮ್ಮ ಪುಸ್ತಕದಲ್ಲಿ ಪುಪ್ಪುಸದ ರೋಗಿಯ ಸ್ನಾಯು ಯಾಕೆ ಕರಗುತ್ತದೆ ಎಂದು ಉದ್ದಕ್ಕೆ ಬರೆದಿರುತ್ತಾರೆ. ಎಲ್ಲ ಖರೆಯೇ. ಆದರೆ ಖಾಲಿ ಗಂಗಾಳ ಕಂಡರೆ ಯಾರು ಉಂಡರು ಎಂದು ಒಮ್ಮೆ ವಿಚಾರಿಸಿರಿ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ನಮ್ಮ ಮೇಲೆ ಇನ್ನೊಬ್ಬ ಹಿರಿಯ ನರ್ಸ್ ಇದ್ದಳು, ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಅವಳು ಒಂದು ಹಂಚಿಕೆ ಹಾಕಿದಳು. ಔಷಧವೆಂದರೆ ಈ ಹೆಂಗಸು ಕುಡಿಯುತ್ತಾಳಲ್ಲ, ಹಾಗಾದರೆ ಹಾಲಿನಲ್ಲಿ ತತ್ತಿ ಕಲಸಿ ಔಷಧವೆಂದು ಕೊಟ್ಟರಾಯಿತು! ನಾನು ಅಡಿಗೆ ಕೋಣೆಗೆ ಹೋದಾಗ ಕಡೆಯುತ್ತ ನಿಂತಿದ್ದಳು. “ತಿಲಾ ಕಳತ ನಾಹೀ” ಎಂದು ಕಣ್ಣು ಮಿಟುಕಿಸಿದಳು, ಅವಳಿಗೇನು ಗೊತ್ತಾಗುತ್ತದೆ ಅಂತ. ನಾನು ಲೋಟ ಕಿತ್ತುಕೊಂಡು ಮೋರಿಗೆ ಚೆಲ್ಲಿದೆ. ನಾನೇನು ತತ್ತಿ ತಿನ್ನದವಳಲ್ಲ, ತಿಂದೇ ಬೆಳೆದವಳು. ಆದರೆ ಒಂದು ತುತ್ತಿಗೆ ಇಷ್ಟು ನೇಮ ಇಟ್ಟುಕೊಂಡವಳ ಬಾಯಿಗೆ ಕದ್ದು ಹಾಕುವುದೇ? ದೊಡ್ಡ ಸಿಸ್ಟರ್ ನನ್ನ ಮೇಲೆ ಚಾಡಿ ಹೇಳಿದಳು. ಸಾಹೇಬರು ಇಬ್ಬರನ್ನೂ ನಿಲ್ಲಿಸಿಕೊಂಡು ಕೇಳಿ, “ಆಕಿ ನಮ್ಮ ಮ್ಯಾಲ ಭರೋಸಾ ಇಟ್ಟು ಮಲಗ್ಯಾಳ. ಭರೋಸಾ ಹೋದ ಮ್ಯಾಲ ತತ್ತಿ ಏನ್ ಮಾಡ್ತದ?” ಎಂದರು. ದೊಡ್ಡ ಸಿಸ್ಟರ್ ಬಹಳ ದಿನ ನನ್ನ ಕೂಡ ಮಾತಾಡಲಿಲ್ಲ. ಆ ಮಟ್ಟಿಗೆ ವಾರ್ಡಿನಲ್ಲಿ ಶಾಂತಿ ಇತ್ತು.

ವೀರಭದ್ರಪ್ಪ ಹೋಗಿ ಅವರ ಮನೆಯ ಗುರುಗಳಾದ ಅಯ್ಯನವರನ್ನು ಕರೆತಂದ. ಮುದುಕರು, ಮೆತ್ತಗಿನ ಮಾತಿನವರು. ಮಂಚದ ಹತ್ತಿರ ಕೂತು ಕಾಕುವಿನ ರಟ್ಟೆಯನ್ನು ನೋಡಿದರು.

“ಗುರಮ್ಮಾ, ಕೈ ಬಲಿಯೋ ತನಕ ಮೊಣಕೈ ಕೆಳಗ ಹೊದಿಯೋ ಕೌದಿ ಮಡಿಸಿ ಇಟ್ಕೋ. ಲಿಂಗ ಕಣ್ಣಿಗಿ ಎದುರೇ ಇರ್ತದ. ಕೌದಿ ಏನು ಪೂಜಿ ಮಾಡಂಗಿಲ್ಲ, ನೀನೇ ಮಾಡ್ತಿ.”

ಕಾಕು ಕಾಲ ಬಳಿಯ ಕೌದಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಕಡೆ ಬೆರಳು ಮಾಡಿ ಹೇಳಿದಳು: “ಹಂಗಾದ್ರ ಈ ನರಸಬಾಯಿ ಒಂದೊಂದೇ ಮಡಿಕಿ ತೆಗೀತ ಹೋಗಬೇಕು. ಜಲ್ಮ ಪೂರಾ ಆನಿಸ್ಕೊಂಡು ಕೂಡಾಕಿ ಅಲ್ಲ ನಾ.”

ಅವತ್ತು ಅವಳು ಉಂಡಳು. ತುಳಜಾಬಾಯಿ ಮಾತ್ರ ಆಸೆಗಣ್ಣಿನಿಂದ ನೋಡುತ್ತ ಗಂಜಿ ಕುಡಿದಳು.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಹಾಲು, ತುಪ್ಪ, ಮೊಳಕೆ ಬಂದ ಹೆಸರುಕಾಳು, ಗಟ್ಟಿ ತೊಗರಿಬೇಳೆ, ಶೇಂಗಾ ಹಿಂಡಿ. ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ಉಸಿರಾಡಲಾಗದು, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ. ಸಾಹೇಬರು ‘ಆರಾಮ್’ ಎಂಬ ಮಾತನ್ನು ವಾರ್ಡಿನಿಂದಲೇ ಓಡಿಸಿದರು. ಮಂಚದಿಂದ ಏಳುವುದು, ಕೂಡುವುದು. ಮತ್ತೆ ಏಳುವುದು, ಕೂಡುವುದು. ವರಾಂಡದ ಕಂಬದಿಂದ ಕಂಬಕ್ಕೆ ನಡೆಯುವುದು. ಚರಿಗೆಯಲ್ಲಿ ತಳ ಮುಚ್ಚುವಷ್ಟು ನೀರು ಹಾಕಿ ಎತ್ತುವುದು, ದಿನ ಕಳೆದ ಹಾಗೆ ನೀರು ಹೆಚ್ಚಿಸುವುದು. ಮೊದಲು ಅವಳಿಗೆ ಹೆದರಿಕೆ. ಎದ್ದರೆ ದಮ್ಮು, ದಮ್ಮು ಹತ್ತಿದರೆ ಸಾಯುತ್ತೇನೆಂಬ ದಿಗಿಲು. ಒಂದು ದಿನ ಚರಿಗೆ ಎತ್ತುವಾಗ ಅವಳು ತಾನಾಗಿಯೇ ತುಟಿ ಚೂಪು ಮಾಡಿ ಉಸಿರನ್ನು ಸಣ್ಣಗೆ, ಉದ್ದಕ್ಕೆ ಬಿಟ್ಟಳು. ದಮ್ಮು ಏರಲಿಲ್ಲ. ಸಾಹೇಬರು ಗಕ್ಕನೆ ನಿಂತರು.

“ಮತ್ತೊಮ್ಮಿ ಮಾಡ್ರಿ. ಇದು ಯಾರು ಹೇಳಿಕೊಟ್ರು?”

“ಯಾರ್ ಹೇಳ್ಬೇಕ್ರಿ? ಊದುಗೊಳವಿ ಊದಿ ಊದಿ ರೂಢಿ ಆಗ್ಯಾದ.”

ಯಾವ ಒಲೆ ಅವಳ ಎದೆಯನ್ನು ಹಾಳು ಮಾಡಿತ್ತೋ ಅದೇ ಒಲೆಯ ಮುಂದೆ ಕಲಿತ ಉಸಿರು ಅದು. ಸಾಹೇಬರು ಎದೆಗೆ ನಳಿಗೆ ಹಚ್ಚಿ ಕೇಳಿ ತಲೆಯಾಡಿಸಿದರು. ಆಮೇಲೆ ದಮ್ಮಿನ ರೋಗಿ ಯಾರೇ ಬರಲಿ, “ಊದುಗೊಳವಿ ಊದ್ರಿ” ಎಂದು ಇಬ್ಬರೂ ಹೇಳಿಕೊಡುತ್ತಿದ್ದೆವು. ಈಗ ಅದಕ್ಕೆ ದೊಡ್ಡ ಹೆಸರಿದೆ, ಕಲಿಸಲು ಬೇರೆ ಮಂದಿಯೇ ಇದ್ದಾರೆ. ಇರಲಿ, ಒಳ್ಳೆಯದೇ.

ಬಳೆ ನನ್ನ ಅಳತೆಗೋಲು. ಬೆಳಿಗ್ಗೆ ಹೋದ ಕೂಡಲೇ, “ಕಾಕು, ಕೈ ಎತ್ರಿ” ಎನ್ನುತ್ತಿದ್ದೆ. ರಟ್ಟೆಯಲ್ಲಿ ನಿಲ್ಲುತ್ತಿದ್ದ ಬಳೆ ಮೆಲ್ಲಗೆ ಮೊಣಕೈಗೆ ಬಂತು. ಕೌದಿಯ ಮಡಿಕೆಗಳು ಒಂದೊಂದಾಗಿ ಕಡಿಮೆಯಾದವು. ತೆಗೆದ ದಿನವೆಲ್ಲ ಅವಳು ಮುಖ ಸಿಂಡರಿಸಿಕೊಂಡು ಪೂಜೆಗೆ ಕೂಡುತ್ತಿದ್ದಳು, ಆಮೇಲೆ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು.

ಚಳಿ ಬಲವಾದಾಗ ಜ್ವರ ಬಂತು. ಕಫ ಹಸಿರಾಯಿತು. ಪೆನಿಸಿಲಿನ್ ಆಗ ಹೊಸದು, ಸಾಹೇಬರು ಎಲ್ಲಿಂದಲೋ ತರಿಸಿ ಕೊಟ್ಟರು. ಜೀವ ಉಳಿಯಿತು. ಆದರೆ ಅಷ್ಟು ವಾರ ಕೂಡಿಸಿದ ಮಾಂಸ ಕೆಲವೇ ದಿನದ ಜ್ವರದಲ್ಲಿ ಹೋಯಿತು. ಬಳೆ ಮತ್ತೆ ರಟ್ಟೆಗೆ ಏರಿತು, ಕೌದಿಯ ಮಡಿಕೆಗಳು ಮರಳಿ ಬಂದವು. ಕಾಕು ನನ್ನ ಮುಖ ನೋಡಲು ಒಲ್ಲೆ ಎಂದಳು. ಗೋಡೆಯ ಕಡೆ ತಿರುಗಿ, “ಬರ್ತಾದ ಅಂದಿದ್ದಿ. ಎಲ್ಲಿ ಬಂತು? ಸುಳ್ಳಾಡ್ತಿ ನೀನು, ನಿನ್ನ ಸಾಹೇಬನೂ” ಎಂದಳು.

ನನಗೂ ಅಳು ಬಂದಿತ್ತು, ಸಿಟ್ಟು ಮಾಡಿ ಮುಚ್ಚಿಕೊಂಡೆ. “ಬಂದಿತ್ತಲ್ರೀ ಕಾಕು! ಒಮ್ಮಿ ಬಂದದ್ದಕ್ಕ ಹಾದಿ ಗೊತ್ತದ. ನೀವು ಉಣ್ರಿ, ಅದು ಬರ್ತಾದ” ಎಂದೆ. ಅವಳು ತಿರುಗಲಿಲ್ಲ. ಆದರೆ ಕೈ ಚಾಚಿ ಚರಿಗೆ ಹುಡುಕಿದಳು.

ತುಳಜಾಬಾಯಿ ಕೋಲೂರಿಕೊಂಡು ಮನೆಗೆ ಹೋದಳು. ಬೇವು ಚಿಗುರಿತು. ಮಾಂಸ ಎರಡನೇ ಸಲ ಬರುವಾಗ ಇನ್ನೂ ತಡ ಮಾಡಿತು, ಆದರೂ ಬಂತು. ಯುಗಾದಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಕಾಶಮ್ಮ ಚಾದರದ ಅಂಚಿನಿಂದ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಸಂದಿಯಿಂದ ನೋಡಿದೆ. ಕೌದಿ ಮಂಚದ ಆ ತುದಿಯಲ್ಲಿ ಮಡಿಸಿಟ್ಟಿತ್ತು. ಕಾಕು ನೆಟ್ಟಗೆ ಕೂತಿದ್ದಳು. ಎಡಗೈ ಕಣ್ಣಿನ ಮಟ್ಟಕ್ಕೆ ಎದ್ದಿತ್ತು, ಕೆಳಗೆ ಏನೂ ಆಧಾರವಿರಲಿಲ್ಲ. ನಡುಗುತ್ತಿತ್ತು, ಇಳಿಯಲಿಲ್ಲ. ಬಳೆಗಳು ಮಣಿಕಟ್ಟು ದಾಟಿ ಮೊಣಕೈ ಮುಟ್ಟುವ ಮೊದಲೇ ತಡೆದು ನಿಂತಿದ್ದವು. ತುಟಿ ಚೂಪಾಗಿ ಉಸಿರು ಸಣ್ಣಗೆ ಹೊರಬರುತ್ತಿತ್ತು. ನಾನು ಆ ಲಿಂಗಕ್ಕೆ ನಡೆದುಕೊಳ್ಳುವವಳಲ್ಲ. ಆದರೂ ಕೈ ಮುಗಿದಿದ್ದೆ. ಮುಗಿದಿದ್ದೆ ಎಂದು ಕಾಶಮ್ಮ ಆಮೇಲೆ ಹೇಳಿ ನಕ್ಕಾಗಲೇ ನನಗೆ ಗೊತ್ತಾಯಿತು.

ಪೂಜೆ ಮುಗಿಸಿ, ಗಂಗಾಳ ಮುಂದಿಟ್ಟುಕೊಂಡು, ಕಾಕು ನನ್ನನ್ನು ಕರೆದಳು. ರೊಟ್ಟಿಗೆ ಹಿಂಡಿ, ತುಪ್ಪ ಹಚ್ಚಿ ತುತ್ತು ಮಾಡಿ, “ಬಾಯಿ ತೆಗಿ” ಎಂದಳು. ಕಾಶಮ್ಮ ಬಾಯಿ ತೆರೆದು ನೋಡುತ್ತಿದ್ದಳು, ಏಕೆಂದರೆ ನಾನು ಯಾರು, ಅವರು ಯಾರು ಎಂದು ಮೂವರಿಗೂ ಗೊತ್ತಿತ್ತು.

“ಕಾಕು, ನಾನು…”

“ನೀ ಯಾರಂತ ಗೊತ್ತದ. ಬಾಯಿ ತೆಗಿ ಮಗಾ.”

ನನಗೆ ಬುದ್ಧಿ ಬಂದಾಗಿನಿಂದ ಯಾರೂ ನನ್ನ ಬಾಯಿಗೆ ತುತ್ತು ಇಟ್ಟಿರಲಿಲ್ಲ. ಆಮೇಲೆಯೂ ಇಡಲಿಲ್ಲ. ಈಗ ನನಗೆ ಹಲ್ಲಿಲ್ಲ, ರೊಟ್ಟಿ ನೆನೆಸಿ ತಿನ್ನುತ್ತೇನೆ. ಶೇಂಗಾ ಹಿಂಡಿ ಹಚ್ಚಿಕೊಂಡಾಗೆಲ್ಲ ಆ ಕೈ ಬೇಕು ಅನಿಸುತ್ತದೆ. ಇಷ್ಟು ವಯಸ್ಸಾದರೂ ಅನಿಸುತ್ತದೆ.

ಅವಳು ಔರಾದಿಗೆ ಹೋದಳು. ಪುಪ್ಪುಸ ಹಾಳಾದದ್ದು ಹಾಳಾಗಿಯೇ ಇತ್ತು. ಸಾಹೇಬರು ಒಂದೇ ಮಾತು ಹೇಳಿ ಕಳಿಸಿದ್ದರು, ಒಲೆಯ ಮುಂದೆ ಕೂಡಬಾರದು, ಅಡಿಗೆಮನೆಗೆ ಕಿಟಕಿ ಒಡೆಸಬೇಕು. ವೀರಭದ್ರಪ್ಪ ಒಡೆಸಿದ. ನಿಲಂಗಕ್ಕೆ ಬಂದಾಗೆಲ್ಲ ಕಾಕು ದವಾಖಾನೆಯ ಮೆಟ್ಟಿಲಿನ ಮೇಲೆ ಕೂತು, ನಾನು ಕೇಳುವ ಮೊದಲೇ ಕೈ ಎತ್ತಿ ಬಳೆ ತೋರಿಸುತ್ತಿದ್ದಳು. ಜೊತೆಗೆ ಹಿಂಡಿಯ ಡಬ್ಬಿ. ನನ್ನ ಮದುವೆಯ ಮಾತೆತ್ತಿ ಬಯ್ಯುತ್ತಿದ್ದಳು. ಔರಾದಿಗೆ ಬಂದು ನಾಲ್ಕು ದಿನ ಇರು ಎನ್ನುತ್ತಿದ್ದಳು. ಮುಂದಿನ ರಜೆಗೆ ಬರುತ್ತೇನೆ ಎನ್ನುತ್ತಿದ್ದೆ. ಹತ್ತಿರದ ಊರು, ಯಾವಾಗ ಬೇಕಾದರೂ ಹೋಗಬಹುದು ಅಂದುಕೊಂಡು ಹೋಗಲಿಲ್ಲ.

ಅಷ್ಟರಲ್ಲಿ ರಾಜ್ಯಗಳ ವಿಂಗಡಣೆ ಬಂತು. ನಿಲಂಗ, ಉದಗೀರ ಮುಂಬಯಿಗೆ ಸೇರಿದವು, ಬೀದರ ಮೈಸೂರಿಗೆ. ದವಾಖಾನೆಯ ಕಪಾಟು, ಮಂಚ, ಮೈಕ್ರೋಸ್ಕೋಪು ಇದ್ದಲ್ಲೇ ಉಳಿದವು. ನನ್ನಂಥ ಕನ್ನಡದವರಿಗೆ ಬೀದರ ಕಡೆಗೆ ಹೋಗಲು ಹುಕುಂ ಬಂತು. ಸಾಹೇಬರಿಗೆ ಹೇಳಲು ಹೋದಾಗ ಅವರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿ ಕೂತಿದ್ದರು. ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು.

“ಬೀದರ ಅಂದ್ರ ಕರಾಚಿ ಅಲ್ಲ ಬೇಟಿ” ಎಂದರು. “ವಾಪಸ್ ಬಾ.”

“ಬರ್ತೀನ್ರೀ ಸಾಹೇಬ” ಎಂದೆ. ಬರಲಿಲ್ಲ. ಮೊದಲು ಕೆಲಸ, ಆಮೇಲೆ ಮದುವೆ, ಆಮೇಲೆ ದೂರ ದೂರದ ಊರಿಗೆ ವರ್ಗ. ಸಾಹೇಬರು ನಿವೃತ್ತರಾಗಿ ಹೈದರಾಬಾದಿಗೆ ಹೋದರು, ಅಲ್ಲಿಯೇ ತೀರಿಕೊಂಡರು. ಗುರಮ್ಮಕಾಕು ಇನ್ನೂ ಕೆಲವು ವರ್ಷ ಇದ್ದಳೆಂದು ಬೀದರಕ್ಕೆ ಬಂದ ಔರಾದಿನವರೊಬ್ಬರು ಬಹಳ ತಡವಾಗಿ ಹೇಳಿದರು. ಕೊನೆಗೆ ಹೇಗಿದ್ದಳು ಎಂದು ನಾನು ಕೇಳಲಿಲ್ಲ. ಮುಂದೆ ನಾನು ನೋಡಿದ ದಮ್ಮಿನ ರೋಗಿಗಳಿಗೆ ಲೆಕ್ಕವಿಲ್ಲ. ಎಲ್ಲರ ಎದೆ ನೋಡುವ ಮೊದಲು ರಟ್ಟೆ ನೋಡಿದ್ದೇನೆ, ತೊಡೆ ನೋಡಿದ್ದೇನೆ. ಎಷ್ಟೋ ಜನರಿಗೆ ಮಾಂಸ ತಿರುಗಿ ಬರಲಿಲ್ಲ. ಬಂದವರೂ ಇದ್ದರು. ಬಂದಾಗೆಲ್ಲ ನಿಲಂಗಕ್ಕೆ ಓಡಿ ಹೋಗಿ ಆ ಇಬ್ಬರಿಗೂ ಹೇಳಬೇಕು ಅನಿಸುತ್ತಿತ್ತು.

ಹುಕುಂ ಬಂದ ಆ ವರ್ಷ ನಾನು ಬೀದರಕ್ಕೆ ಹೊರಟದ್ದು ಉದಗೀರದಿಂದ, ರೈಲಿನಲ್ಲಿ. ಟ್ರಂಕು ಒಳಗಿಟ್ಟು ಕಿಟಕಿಯಲ್ಲಿ ಕೂತಿದ್ದೆ. ಪ್ಲಾಟ್‌ಫಾರ್ಮಿನ ಆ ತುದಿಯಿಂದ ವೀರಭದ್ರಪ್ಪ ಬರುತ್ತಿದ್ದ, ಅವನ ಹಿಂದೆ ಮೆಲ್ಲಗೆ ಗುರಮ್ಮಕಾಕು. ಉದಗೀರದ ಪ್ಯಾಟಿಯಲ್ಲಿ ಕೆಲಸವಿದೆಯೆಂದು ಅವನು ಹೊರಟಿದ್ದನಂತೆ, ನಾನು ಹೋಗುವ ಸುದ್ದಿ ಕೇಳಿ ಇವಳು ತಾನೂ ಬರುತ್ತೇನೆಂದು ಹಟ ಹಿಡಿದಳಂತೆ. ಹೆಜ್ಜೆಗೊಮ್ಮೆ ತುಟಿ ಚೂಪು ಮಾಡಿ ಉಸಿರು ಬಿಡುತ್ತ ಬಂದಳು. ಯಾರೂ ಹಿಡಿದಿರಲಿಲ್ಲ. ಕಿಟಕಿಯೊಳಗೆ ಡಬ್ಬಿ ತುರುಕಿದಳು. ಮಾತಾಡಲು ಉಸಿರು ಸಾಲಲಿಲ್ಲ. ನನ್ನ ಗಲ್ಲ ಮುಟ್ಟಿದಳು, ಅಷ್ಟೇ.

“ಕಾಕು, ಔರಾದಿಗಿ ಬರ್ತೀನ್ರಿ. ಖರೇನ ಬರ್ತೀನಿ” ಎಂದೆ.

ಗಾಡಿ ಅಲುಗಿತು. ಅವಳು ಬಲಗೈಯಿಂದ ಕಂಬ ಹಿಡಿದುಕೊಂಡು ಎಡಗೈ ಮೇಲಕ್ಕೆತ್ತಿದಳು. ಬಳೆಗಳು ಜಾರಿ ಮೊಣಕೈ ಮುಟ್ಟುವ ಮೊದಲೇ ನಿಂತವು, ನಾನು ನೋಡಲಿ ಎಂದೇ ಎತ್ತಿದ್ದಳು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಲೇ ಇದ್ದೆ. ಸ್ಟೇಷನ್ನು ಸಣ್ಣದಾಯಿತು, ವೀರಭದ್ರಪ್ಪನ ರುಮಾಲು ಸಣ್ಣದಾಯಿತು, ಆಮೇಲೆ ಹಳಿ ತಿರುಗಿತು. ಆ ಕೈ ಕೆಳಗಿಳಿದದ್ದನ್ನು ನಾನು ನೋಡಲಿಲ್ಲ.